ನನ್ನ ಹೆಸರಿನ ತಲೆನೋವು

ನನಗೆ ಹುಟ್ಟಿದಾಗಿನಿಂದ ತಲೆನೋವು ಬಂದದ್ದೇ ಇಲ್ಲ. ಜ್ವರ ಬಂದಿದೆ, ಹಲ್ಲು ಕೀಳಿಸಿಕೊಂಡಿದ್ದೇನೆ, ಒಮ್ಮೆ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದೇನೆ. ತಲೆನೋವು ಅಂದರೆ ಹೇಗಿರುತ್ತದೆ ಅಂತ ಮಾತ್ರ ಈ ಎಂಬತ್ತೈದನೇ ವಯಸ್ಸಿನಲ್ಲೂ ಗೊತ್ತಿಲ್ಲ. ಆದರೂ ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ ಒಂದು ಹಳದಿ ಕಾರ್ಡಿದೆ. ಕಾರ್ಖಾನೆಯ ಡಿಸ್ಪೆನ್ಸರಿಯದು. ಮೇಲುಗಡೆ ನನ್ನ ಹೆಸರು, ಟಿಕೆಟ್ ನಂಬರು, ಗಂಡಸು, ವಯಸ್ಸು ಇಪ್ಪತ್ನಾಲ್ಕು. ಅದರ ಕೆಳಗೆ ಒಂದರ ಕೆಳಗೊಂದು ತಲೆನೋವು, ತಲೆನೋವು, ತಲೆನೋವು. ಪ್ರತಿ ಸಾಲಿನ ಕೊನೆಗೂ ಆಸ್ಪಿರಿನ್, ಆರು ಮಾತ್ರೆ. ಸುಟ್ಟುಹಾಕೋಣ ಅಂತ ಎಷ್ಟೋ ಸಲ ಒಲೆಯವರೆಗೂ ತೆಗೆದುಕೊಂಡು ಹೋಗಿ ವಾಪಸ್ಸು ತಂದಿಟ್ಟಿದ್ದೇನೆ.

ನಮ್ಮದು ಶೆಟ್ಟಿಹಳ್ಳಿ. ಈಗ ಅಲ್ಲಿ ಮನೆಗೆ ಮನೆ ಅಂಟಿಕೊಂಡಿದೆ, ಆಗ ಹೊಲ, ಹುಣಸೆಮರ, ಒಂದು ಕೆರೆ. ಜಾಲಹಳ್ಳಿ ಕಡೆ ಕಾರ್ಖಾನೆ ಎದ್ದಾಗ ನಮ್ಮ ರಾಗಿ ಹೊಲ ಅದರ ಕಾಂಪೌಂಡಿನೊಳಗೆ ಹೋಯಿತು. ಹೊಲ ಬಿಟ್ಟವರ ಮನೆಗೊಂದು ಕೆಲಸ ಅಂತ ಕೊಟ್ಟಿದ್ದರಿಂದ ಹಿಂದೆಯೇ ನಾನೂ ಹೋದೆ. ನಮ್ಮಪ್ಪ ಉಳುತ್ತಿದ್ದ ಜಾಗದಲ್ಲೇ ನಾನು ಕಬ್ಬಿಣ ಕೊರೆಯುತ್ತಿದ್ದೆ. ಖಾಕಿ ಪ್ಯಾಂಟು, ಊಟದ ಡಬ್ಬಿ, ಸೈಕಲ್ಲು ಅಂತ ನಾನು ಊರಿನಲ್ಲಿ ಸ್ವಲ್ಪ ಮೆರೆಯುತ್ತಲೂ ಇದ್ದೆ. ಓದಿದ್ದು ಎಂಟನೇ ಕ್ಲಾಸು. ಅಷ್ಟಕ್ಕೇ ನನಗೆ ಎಲ್ಲ ತಿಳಿದಿದೆ ಅನ್ನುವ ಭ್ರಮೆ ಇತ್ತು.

ಮನೆಯಲ್ಲಿ ನಾವು ಮೂವರು. ಅವ್ವ, ನಾನು, ನನ್ನ ಹೆಂಡತಿ. ಹೆಂಡತಿ ಅಂದರೆ ಬೇರೆಯವಳಲ್ಲ, ಅವ್ವನ ಸ್ವಂತ ತಮ್ಮನ ಮಗಳು. ಮದುವೆಗೆ ಮೊದಲು ನನ್ನನ್ನು ಬಾವ ಅನ್ನುತ್ತಿದ್ದಳು, ಆಮೇಲೂ ಬಾವ ಅಂತಲೇ ಉಳಿದೆ. ಮೂರು ವರ್ಷದಲ್ಲಿ ಎರಡು ಸಲ ಬಸುರಾಗಿ ಎರಡು ಸಲವೂ ಮೂರು ತಿಂಗಳಿಗೇ ಇಳಿದುಹೋಗಿತ್ತು. ಎರಡನೆಯ ಸಲ ಅವಳು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಾ ಕೂತು ಅತ್ತಿದ್ದು ನೋಡಿ ಅವ್ವ ಒಂದು ತೀರ್ಮಾನಕ್ಕೆ ಬಂದಳು. ಮೂರನೆಯ ಸಲ ಮುಟ್ಟು ನಿಂತಾಗ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

"ಈ ಸಲ ಯಾರ್ಗೂ ಏಳಂಗಿಲ್ಲ. ಊರವರಿಗೂ ಇಲ್ಲ, ನಮ್ ತಮ್ಮನ್ ಮನೆಗೂ ಇಲ್ಲ. ಒಂಬತ್ ತುಂಬೋಗಂಟ ಇವ್ಳು ಕೆರೆ ಏರಿ ದಾಟಂಗಿಲ್ಲ. ನಾನು ಅರಕೆ ಒತ್ತಿವ್ನಿ."

ಜನರ ಕಣ್ಣು ಬೀಳಬಾರದು ಅಂತ ಬಸುರನ್ನು ಬಚ್ಚಿಡುವುದು ನಮ್ಮ ಕಡೆ ಹೊಸದೇನಲ್ಲ. ಮೂರು ತಿಂಗಳು, ಐದು ತಿಂಗಳು ಸುಮ್ಮನಿರುತ್ತಾರೆ. ಅವ್ವ ಅದನ್ನು ಒಂಬತ್ತಕ್ಕೆ ಎಳೆದಳು, ಅಷ್ಟೇ. ಅವಳನ್ನು ನಾನು ಬೈಯುವುದಿಲ್ಲ. ಅವಳ ಕೈಯಲ್ಲಿದ್ದ ಒಂದೇ ಉಪಾಯ ಅದು. ಹೆಂಡತಿ ನೀರಿಗೆ ಹೋಗುವುದನ್ನು ಬಿಟ್ಟಳು, ಹೊಲಕ್ಕೆ ಹೋಗುವುದನ್ನು ಬಿಟ್ಟಳು. ಕೇಳಿದವರಿಗೆ ಸೊಂಟನೋವು ಅಂತ ಅವ್ವ ಹೇಳಿದಳು. ನಮ್ಮ ಮನೆಯಲ್ಲಿ ಸುಳ್ಳು ಶುರುವಾಗಿದ್ದು ಹಾಗೆ, ಒಳ್ಳೆಯದಕ್ಕಾಗಿ.

ಆರನೇ ತಿಂಗಳು ಕಳೆಯುವ ಹೊತ್ತಿಗೆ ತಲೆನೋವು ಹತ್ತಿಕೊಂಡಿತು. ಮೊದಮೊದಲು ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಹೋಗುತ್ತಿತ್ತು. ಅವ್ವ ಶುಂಠಿ ತೇಯ್ದು ಹಚ್ಚಿದಳು, ಹಣೆಗೆ ಬಟ್ಟೆ ಬಿಗಿದಳು, ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿ ಘಾಟು ಬರಲಿಲ್ಲ ಅಂತ ಊರಲ್ಲಿ ಅರ್ಧ ಜನರನ್ನು ಶಪಿಸಿದಳು. ಇಂಗ್ಲಿಷ್ ಔಷಧಿಯ ಮಾತೆತ್ತಿದರೆ ಅವ್ವನಿಗೆ ಕೆಂಡದಂಥ ಕೋಪ. ಉಷ್ಣ ಏರಿ ಮಗು ನಿಲ್ಲುವುದಿಲ್ಲ ಅನ್ನುತ್ತಿದ್ದಳು. ಹೆಂಡತಿ ಗೋಡೆಗೆ ಹಣೆ ಒತ್ತಿಕೊಂಡು ಕೂತಿರುತ್ತಿದ್ದಳು. ಗೋಡೆ ತಣ್ಣಗಿರುತ್ತದೆ ಅಂತ.

ಕಾರ್ಖಾನೆಯಲ್ಲಿ ಡಿಸ್ಪೆನ್ಸರಿ ಇತ್ತು, ಆದರೆ ಆಗ ಅದು ಕೆಲಸಗಾರರಿಗೆ ಮಾತ್ರ. ಹೆಂಡತಿ ಮಕ್ಕಳನ್ನು ನೋಡುತ್ತಿರಲಿಲ್ಲ. ನೋಡುತ್ತಿದ್ದರೂ ಏನು ಅಂತ ಹೇಳುವುದು? ಯಾರಿಗೂ ಹೇಳಕೂಡದು ಅಂತ ಅವ್ವ ಆಣೆ ಹಾಕಿಸಿದ್ದಳು. ಹಾಗಾಗಿ ಒಂದು ದಿನ ಊಟದ ಬಿಡುವಿನಲ್ಲಿ ನಾನೇ ಹೋಗಿ ಕ್ಯೂನಲ್ಲಿ ನಿಂತು, ಹಣೆ ಹಿಡಿದುಕೊಂಡು, "ತಲೆನೋವು ಸಾರ್" ಅಂದೆ.

ಕಾಂಪೌಂಡರ್ ಕಾಗದದ ಪೊಟ್ಟಣದಲ್ಲಿ ಆರು ಮಾತ್ರೆ ಹಾಕಿ ಕೊಟ್ಟ. "ಆಸ್ಪಿರಿನ್ನು. ಊಟ ಆದ್ಮೇಲೆ ತಗೋ ಗುರು, ಖಾಲಿ ಹೊಟ್ಟೇಲಿ ಬೇಡ" ಅಂದ. ಸಂಜೆ ಅವ್ವ ಎಮ್ಮೆ ಹಾಲು ಕರೆಯಲು ಹೋದಾಗ ಹೆಂಡತಿಗೆ ಒಂದು ನುಂಗಿಸಿದೆ. ಕತ್ತಲಾಗುವ ಹೊತ್ತಿಗೆ ಅವಳು ಎದ್ದು ಬಂದು ಒಲೆ ಮುಂದೆ ಕೂತು ಮುದ್ದೆ ತಿರುವಿದಳು. "ಬಾವ, ಮೊಳೆ ಕಿತ್ತಾಕ್ದಂಗಾಯ್ತು" ಅಂತ ಪಿಸುಗುಟ್ಟಿ ನಕ್ಕಳು. ಆ ನಗುವಿಗೆ ನಾನು ಏನು ಬೇಕಾದರೂ ಮಾಡಲು ಸಿದ್ಧನಿದ್ದೆ. ಉಳಿದ ಐದು ಮಾತ್ರೆಗಳನ್ನು ಅವಳು ತನ್ನ ಕುಂಕುಮದ ಭರಣಿಯ ತಳದಲ್ಲಿ ಬಚ್ಚಿಟ್ಟಳು.

ಅಲ್ಲಿಂದ ನಾನು ವಾರವಾರವೂ ತಲೆನೋವಿನವನಾದೆ. ಆಮೇಲೆ ವಾರಕ್ಕೆ ಎರಡು ಸಲ. ಕಣ್ಣು ಕಿರಿದು ಮಾಡುವುದು, ಬೆಳಕಿಗೆ ಮುಖ ತಿರುಗಿಸುವುದು, ಎಲ್ಲ ಅವಳನ್ನು ನೋಡಿಯೇ ಕಲಿತಿದ್ದೆ. ಅವಳು ಮನೆಯಲ್ಲಿ ನರಳುತ್ತಿದ್ದ ಹಾಗೆ ನಾನು ಡಿಸ್ಪೆನ್ಸರಿಯಲ್ಲಿ ನರಳುತ್ತಿದ್ದೆ. ಮೆಷಿನ್ ಶಾಪಿನವರು ಮದುವೆಯಾದ ಗಂಡಿಗೆ ತಲೆನೋವು ಬರದೆ ಇನ್ನೇನು ಅಂತ ಚುಡಾಯಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಆದರೆ ನಮ್ಮ ಡಾಕ್ಟರು ನಗುವವರಲ್ಲ. ವಯಸ್ಸಾದವರು, ಸಣ್ಣ ದನಿಯವರು, ಕಾರ್ಡನ್ನು ಮೊದಲ ಸಾಲಿನಿಂದ ಓದುವವರು. ಒಂದು ದಿನ ನನ್ನನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು.

"ಏನಯ್ಯಾ, ಈ ವಯಸ್ಸಿಗೆ ಇಷ್ಟೊಂದು ತಲೆನೋವಾ? ಸುಮ್ನೆ ಮಾತ್ರೆ ಕೊಡ್ತಾ ಹೋಗೋಕಾಗಲ್ಲ. ತಲೆನೋವು ಅನ್ನೋದು ಕಾಯಿಲೆ ಅಲ್ಲ, ಒಳಗಿರೋ ಕಾಯಿಲೆ ನಮ್ಮನ್ನ ಕೂಗೋದು."

ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಬಿ.ಪಿ. ನೋಡಿದರು. ಅಲ್ಲಿಗೂ ಬಿಡದೆ ಬಾಟಲಿಯಲ್ಲಿ ಮೂತ್ರ ಹಿಡಿಸಿ, ಗಾಜಿನ ನಳಿಗೆಗೆ ಸುರಿದು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ಅದು ಕುದಿದರೂ ತಿಳಿಯಾಗಿಯೇ ಇತ್ತು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕಲ್ಲು ಗುಂಡು ಇದ್ದಂಗಿದ್ದೀಯ ಕಣಯ್ಯಾ, ನಿಂಗೇನೂ ಇಲ್ಲ" ಅಂದರು. ಕಾರ್ಡಿನಲ್ಲಿ ಬಿ.ಪಿ. ನೂರಿಪ್ಪತ್ತು, ಎಂಬತ್ತು, ಮೂತ್ರ ತಿಳಿ ಅಂತ ಬರೆದರು. ನನಗೆ ಪರೀಕ್ಷೆ ಪಾಸಾದಷ್ಟು ಖುಷಿ. ಸಿಕ್ಕಿಬೀಳಲಿಲ್ಲವಲ್ಲ ಅಂತ ಸೈಕಲ್ ಮೇಲೆ ಸಿಳ್ಳೆ ಹಾಕಿಕೊಂಡು ಮನೆಗೆ ಬಂದೆ. ಆ ಸಿಳ್ಳೆ ನೆನಪಾದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಏಳು ತುಂಬಿ ಎಂಟಕ್ಕೆ ಬಿದ್ದಾಗ ಆ ಸುದ್ದಿ ಬಂತು. ಕಾರ್ಖಾನೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಒಬ್ಬರು ಪೇಪರ್ ಹಿಡಿದು ಜೋರಾಗಿ ಓದುತ್ತಿದ್ದರು. ಯಾವುದೋ ದೂರದ ದೇಶದಲ್ಲಿ ಬಸುರಿಯರು ಒಂದು ಮಾತ್ರೆ ನುಂಗಿದ್ದರಂತೆ, ಹುಟ್ಟಿದ ಮಕ್ಕಳಿಗೆ ಕೈಯಿಲ್ಲ, ಕಾಲಿಲ್ಲ, ಭುಜಕ್ಕೇ ಬೆರಳು ಅಂಟಿಕೊಂಡಿವೆಯಂತೆ. "ಯಾವ ಮಾತ್ರೆ?" ಅಂತ ಕೇಳಿದೆ. ಅವರು ಓದಿದ ಹೆಸರು ನನ್ನ ಕಿವಿಗೆ ಹತ್ತಲಿಲ್ಲ. ನಿದ್ದೆ ಮಾತ್ರೆ ಅಂದರು. ಪಕ್ಕದವನು, "ಅಯ್ಯೋ ಎಲ್ಲ ಇಂಗ್ಲಿಷ್ ಮಾತ್ರೆನೂ ಒಂದೇ ಬಿಡಪ್ಪ, ಬೇರೆ ಬೇರೆ ಡಬ್ಬಿ ಅಷ್ಟೇ" ಅಂದ. ಟೀ ಲೋಟ ನನ್ನ ಕೈಯಲ್ಲೇ ತಣ್ಣಗಾಯಿತು.

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಮಾತ್ರೆ ತಗೊಂಡಾಗಲೆಲ್ಲ ಅವಳು ಒಂದು ಗಂಟೆ ಮಲಗುತ್ತಿದ್ದಳಲ್ಲ, ಹಾಗಾದರೆ ಇದೂ ನಿದ್ದೆ ಮಾತ್ರೆಯೇ ಅಂತ ನನ್ನ ಎಂಟನೇ ಕ್ಲಾಸಿನ ಬುದ್ಧಿ ಹೇಳಿತು. ಅವಳ ಹೊಟ್ಟೆಯ ಮೇಲೆ ಕೈಯಿಟ್ಟರೆ ಮಗು ಒದೆಯುತ್ತಿತ್ತು. ಒದ್ದದ್ದು ಕಾಲೋ, ಬರೀ ಮಂಡಿಯೋ ಅಂತ ನಾನು ತಡಕಾಡುತ್ತಿದ್ದೆ. ಅವಳು ಕೈ ತಳ್ಳಿ, "ಯಾಕ್ ಬಾವ ಇಂಗೆ ಹಿಸುಕ್ತೀಯ?" ಅನ್ನುತ್ತಿದ್ದಳು. ನಿಜ ಹೇಳುವ ಗಂಡಸುತನ ನನಗಿರಲಿಲ್ಲ. ಡಿಸ್ಪೆನ್ಸರಿಯಲ್ಲಿ ಮಾತ್ರೆ ಮುಗಿದುಹೋಗಿದೆ ಅಂತ ಅವಳಿಗೂ ಒಂದು ಸುಳ್ಳು ಹೇಳಿದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಸರಿ ಬಿಡು ಅಂದಳು.

ಮುಂದಿನ ಹತ್ತು ದಿನ ಅವಳು ಪಟ್ಟ ಪಾಡು ದೇವರಿಗೇ ಪ್ರೀತಿ. ತಲೆನೋವು ಹಗಲೂ ಬಿಡಲಿಲ್ಲ, ಇರುಳೂ ಬಿಡಲಿಲ್ಲ. ಪಾದ ಊದಿ ಕಾಲುಂಗುರ ಮಾಂಸದಲ್ಲಿ ಹೂತುಹೋಯಿತು. ಬಳೆ ಮೇಲೂ ಹೋಗದು, ಕೆಳಗೂ ಬಾರದು. ಮುಖ ತುಂಬಿಕೊಂಡು ಕಣ್ಣು ಸಣ್ಣಗಾದವು. ಅವ್ವನಿಗೆ ಅದೆಲ್ಲ ಹಿಗ್ಗು. "ಕಾಲಲ್ ನೀರ್ ಬಂದ್ರೆ ಗಂಡು ಕಣೋ, ಮೈ ತುಂಬ್ಕೊಂಡವ್ಳೆ ನೋಡು" ಅನ್ನುತ್ತಿದ್ದಳು. ನನಗೂ ಅದು ಹೌದೇನೋ ಅನ್ನಿಸಿತು. ನನ್ನ ತಲೆಯಲ್ಲಿ ಇದ್ದದ್ದು ಮಾತ್ರೆಯೊಂದೇ. ನುಂಗಿಸಿದ್ದಕ್ಕೆ ಒಂದು ಪಾಪ, ನಿಲ್ಲಿಸಿ ಅವಳನ್ನು ಹೀಗೆ ನರಳಿಸುತ್ತಿರುವುದಕ್ಕೆ ಇನ್ನೊಂದು ಪಾಪ. ಎರಡರ ನಡುವೆ ಸಿಕ್ಕಿ ಒದ್ದಾಡುತ್ತಿದ್ದೆ. ಹತ್ತನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು, "ಬಾವ, ಹಗಲೊತ್ನಾಗೇ ಕಣ್ಮುಂದೆ ಚುಕ್ಕಿ ಆರಾಡ್ತಾವೆ" ಅಂದಳು.

ಅಂದು ಸೈಕಲ್ಲು ಮೆಷಿನ್ ಶಾಪಿಗೆ ಹೋಗಲಿಲ್ಲ. ನೇರ ಡಿಸ್ಪೆನ್ಸರಿಗೆ ಹೋದೆ. ಡಾಕ್ಟರು ಆಗ ತಾನೇ ಬಂದು ಕೋಟು ತಗುಲಿಹಾಕುತ್ತಿದ್ದರು.

"ಸಾರ್, ಆಸ್ಪಿರಿನ್ ಬಸುರಿ ಹೆಂಗಸು ತಗೊಂಡ್ರೆ ಮಗೂಗೆ ಕೈಕಾಲು ಇರಲ್ವಾ ಸಾರ್?"

ಅವರು ತಿರುಗಿ ನೋಡಿದರು. ಎರಡು ನಿಮಿಷದಲ್ಲಿ ನಾನು ಎಲ್ಲ ಕಕ್ಕಿಬಿಟ್ಟೆ. ಅವ್ವನ ಹರಕೆ, ಕುಂಕುಮದ ಭರಣಿ, ಪೇಪರು, ಎಲ್ಲ. ಅಳುತ್ತಿದ್ದೆ ಅಂತ ಆಮೇಲೆ ಕಾಂಪೌಂಡರ್ ಹೇಳಿದ. ಡಾಕ್ಟರು ಬೈಯಲಿಲ್ಲ.

"ಆ ಪೇಪರ್ ಮಾತ್ರೆ ಬೇರೆ, ಇದು ಬೇರೆ. ಕೈಕಾಲಿನ ಭಯ ಬಿಡು. ಹಾಗಂತ ಇದು ಬಸುರಿ ತನ್ನಷ್ಟಕ್ಕೆ ತಾನು ನುಂಗೋ ಮಾತ್ರೆ ಅಲ್ಲ. ರಕ್ತ ಹೆಪ್ಪುಗಟ್ಟೋದನ್ನ ತಡೆಯುತ್ತೆ, ಅದರಲ್ಲೂ ಕೊನೇ ತಿಂಗಳುಗಳಲ್ಲಿ ಒಳ್ಳೇದಲ್ಲ. ಮಗೂಗೆ ಇನ್ನೇನು ಮಾಡುತ್ತೋ ನಮಗೂ ಪೂರ್ತಿ ಗೊತ್ತಿಲ್ಲ." ಅಷ್ಟು ಹೇಳಿ ನನ್ನ ಕಾರ್ಡು ಕೈಗೆತ್ತಿಕೊಂಡರು. "ಕಾಲು ಊದಿದ್ಯಾ?"

"ಊದಿದೆ ಸಾರ್."

"ಮುಖ?"

"ಅದೂ ಊದಿದೆ ಸಾರ್. ಚುಕ್ಕಿ ಕಾಣ್ತದಂತೆ."

ಅವರು ಕುರ್ಚಿಯ ಮೇಲೆ ಕೂತುಬಿಟ್ಟರು. ನನ್ನ ಕಾರ್ಡು ಅವರ ಕೈಯಲ್ಲಿತ್ತು. "ಕಾಯಿಲೆ ಇಲ್ಲದವನ ಬಿ.ಪಿ. ನೋಡಿದೆನಲ್ಲಯ್ಯಾ" ಅಂದರು. ಆಮೇಲೆ ಎದ್ದು, ಕಾರ್ಡನ್ನು ನನ್ನ ಜೇಬಿಗೆ ತುರುಕಿ, ಡ್ರೈವರನ್ನು ಕೂಗಿದರು. ಕೆಲಸಗಾರರಿಗೆ ಮಾತ್ರ ಅಂತಿದ್ದ ವ್ಯಾನು ಅವತ್ತು ನಮ್ಮ ಮನೆ ಮುಂದೆ ಬಂದು ನಿಂತಿತು.

ಅವ್ವ ಬಾಗಿಲಿಗೆ ಅಡ್ಡ ನಿಂತಾಳು, ಕೈಹಿಡಿದು ಎಳೆಯಬೇಕಾದೀತು ಅಂತ ನಾನು ದಾರಿಯುದ್ದಕ್ಕೂ ಸಿದ್ಧನಾಗಿ ಬಂದಿದ್ದೆ. ಅವ್ವ ಅಡ್ಡ ನಿಲ್ಲಲಿಲ್ಲ. ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೇ ಕೂತಿದ್ದಳು. ವ್ಯಾನು ಕಂಡದ್ದೇ, "ಎತ್ತೋ, ಬೇಗ ಎತ್ತೋ" ಅಂದಳು. ಕೆರೆ ಏರಿ ದಾಟುವಾಗ ಹರಕೆಯ ಮಾತು ಯಾರೂ ಆಡಲಿಲ್ಲ.

ಯಶವಂತಪುರದ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ರೈಲು ಒಂದೊಂದೇ ಡಬ್ಬಿ ತೋರಿಸಿಕೊಂಡು ಹೋಗುತ್ತಿತ್ತು, ನಿಂತಿತು, ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ಹೋಯಿತು. ಅಲ್ಲಿ ಅವಳಿಗೆ ಫಿಟ್ಸ್ ಬಂತು. ಹಲ್ಲು ಕಚ್ಚಿಕೊಂಡಳು, ಕಣ್ಣು ಮೇಲಕ್ಕೆ ಹೋದವು, ಊದಿದ ಕೈಕಾಲು ಸೆಟೆದು ವ್ಯಾನಿನ ತಗಡಿಗೆ ಬಡಿದವು. ನಾನು ಇಳಿದು ಓಡಿ ಗೇಟ್‌ಮನ್ ಕಾಲು ಹಿಡಿದುಕೊಂಡೆ. ಅವನಾದರೂ ಏನು ಮಾಡಿಯಾನು, ರೈಲನ್ನು ಎತ್ತಿ ಪಕ್ಕಕ್ಕಿಡಲು ಅವನಿಂದಾಗುತ್ತದೆಯೇ? "ಇನ್ನೈದ್ ನಿಮಿಷ ಕಣಣ್ಣ, ಇನ್ನೈದ್ ನಿಮಿಷ" ಅಂತ ಅವನೂ ಅಳುಮುಖ ಮಾಡಿದ. ಆ ಐದು ನಿಮಿಷದಲ್ಲಿ ನಾನು ನೆನೆಯದ ದೇವರಿಲ್ಲ, ಬೈಯದ ದೇವರೂ ಇಲ್ಲ.

ಪೇಟೆಯ ಹೆರಿಗೆ ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ತೆಗೆದುಕೊಂಡು ಹೋದರು. ನರ್ಸೊಬ್ಬಳು ವರಾಂಡದ ಕೊನೆಯ ಮೇಜಿನ ಹತ್ತಿರ ಸ್ಪಿರಿಟ್ ದೀಪ ಹಚ್ಚಿ ಗಾಜಿನ ನಳಿಗೆ ಕಾಯಿಸತೊಡಗಿದಳು. ಆ ದೀಪ, ಆ ನಳಿಗೆ ನನಗೆ ಗೊತ್ತಿತ್ತು. ನೋಡುತ್ತಾ ನಿಂತೆ. ಅದು ಒಡೆದ ಹಾಲಿನ ಹಾಗೆ ಗಟ್ಟಿಯಾಯಿತು.

ಲೇಡಿ ಡಾಕ್ಟರು ಆಚೆ ಬಂದರು. ಅವರಿಗೆ ನಿಲ್ಲಲು ಪುರುಸೊತ್ತಿರಲಿಲ್ಲ. "ಯಾವಾಗಿಂದ ತಲೆನೋವು? ಎಲ್ಲಾದ್ರೂ ತೋರಿಸಿದ್ರಾ? ಏನಾದ್ರೂ ಬರೆದಿರೋದು ಇದ್ಯಾ?"

ನನ್ನ ಜೇಬಿನಲ್ಲಿ ಇದ್ದದ್ದು ಅದೊಂದೇ. ಹಳದಿ ಕಾರ್ಡನ್ನು ಕೊಟ್ಟೆ. ಅವರು ಓದಿದರು. ಗಂಡಸು. ಇಪ್ಪತ್ನಾಲ್ಕು. ಬಿ.ಪಿ. ನೂರಿಪ್ಪತ್ತು, ಎಂಬತ್ತು. ಮೂತ್ರ ತಿಳಿ. ತಲೆಯೆತ್ತಿ ನನ್ನನ್ನು ನೋಡಿದರು.

"ಇದು ಯಾರ್ದ್ರೀ?"

"ಕಾರ್ಡು ನಂದು ಅಮ್ಮಾ. ತಲೆನೋವು ಅವಳ್ದು."

ಅವರ ಮುಖದಲ್ಲಿ ಬಂದದ್ದು ಕೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರಿಗೆ ಅರ್ಥವಾಗಿತ್ತು, ಅದನ್ನು ತಡೆಯಲಾಗಲಿಲ್ಲ. ಕೊನೆಯ ಮಾತ್ರೆ ಯಾವಾಗ ಕೊಟ್ಟಿರಿ ಅಂತ ಕೇಳಿದರು. ಹತ್ತು ದಿನವಾಯಿತು ಅಂದೆ.

"ಇಲ್ಲ" ಅಂತ ನನ್ನ ಹಿಂದಿನಿಂದ ಅವ್ವನ ದನಿ ಬಂತು. "ಇವತ್ ಬೆಳಿಗ್ಗೆ ಎಲ್ಡು ನುಂಗವ್ಳೆ. ನಾನೇ ಕೊಟ್ಟೆ. ಭರಣೀಲಿ ಮಿಕ್ಕಿತ್ತು. ನಂಗೆ ಮೊದ್ಲಿಂದ್ಲೂ ಗೊತ್ತು ಕಣಮ್ಮ. ನೋಡಕ್ಕಾಗ್ಲಿಲ್ಲ, ಅವ್ಳ ನರಳಾಟ ನೋಡಕ್ಕಾಗ್ಲಿಲ್ಲ."

ಅವ್ವ ನೆಲದ ಮೇಲೆ ಕೂತುಬಿಟ್ಟಳು. ನಾನು ಅವ್ವನಿಂದ ಬಚ್ಚಿಟ್ಟಿದ್ದೆ, ಅವ್ವ ನಮ್ಮಿಂದ ಬಚ್ಚಿಟ್ಟಿದ್ದಳು, ಮೂವರೂ ಸೇರಿ ಊರಿನಿಂದ ಬಚ್ಚಿಟ್ಟಿದ್ದೆವು. ಲೇಡಿ ಡಾಕ್ಟರು ಒಂದು ಮಾತು ಹೇಳಿ ಒಳಗೆ ಹೋದರು. "ಇದು ಬಸಿರಿನ ನಂಜು. ಆ ತಲೆನೋವನ್ನ ಇಲ್ಲಿಗೆ ಕರ್ಕೊಂಡು ಬರಬೇಕಿತ್ತು ನೀವು. ಮಾತ್ರೆ ಕೊಟ್ಟು ಅದರ ಬಾಯಿ ಮುಚ್ಚಿಸಿಬಿಟ್ರಿ."

ಮಧ್ಯಾಹ್ನ ಕಳೆಯಿತು. ರಕ್ತ ನಿಲ್ಲುತ್ತಿಲ್ಲ ಅಂತ ಒಬ್ಬಳು ನರ್ಸು ಓಡಿದಳು. ಅದು ಆ ಎರಡು ಮಾತ್ರೆಯಿಂದಲೋ, ನಂಜಿನಿಂದಲೋ, ಎರಡೂ ಸೇರಿಯೋ, ಯಾರೂ ನನಗೆ ಖಚಿತವಾಗಿ ಹೇಳಲಿಲ್ಲ. ನನ್ನ ತೋಳಿನಿಂದ ಒಂದು ಬಾಟಲಿ ರಕ್ತ ತೆಗೆದುಕೊಂಡರು. ಇನ್ನೂ ತಗೊಳ್ಳಿ ಅಂತ ಅಂಗಲಾಚಿದೆ, ಅಷ್ಟೇ ಸಾಕು ಅಂದರು. ನಾಲ್ಕು ಗಂಟೆಯ ಹೊತ್ತಿಗೆ ಹೆಂಡತಿ ಉಳಿಯುತ್ತಾಳೆ ಅಂತ ಹೇಳಿದರು. ಹೇಳಿದವರು ಮಗುವಿನ ಮಾತೆತ್ತಲಿಲ್ಲ.

ಆಯಾ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು. ಹೆಣ್ಣು. ಅವ್ವನ ಲೆಕ್ಕವೂ ತಪ್ಪಿತ್ತು. ನಾನು ವರಾಂಡದ ಬೆಂಚಿನ ಮೇಲೆ ಕೂತು ಬಟ್ಟೆ ಬಿಚ್ಚಿದೆ. ಎರಡು ಕೈ. ಎರಡು ಕಾಲು. ಬಲಗೈಯ ಐದು ಬೆರಳು, ಎಡಗೈಯ ಐದು. ಉಗುರು ಕೂಡ ಬಂದಿತ್ತು. ಕಾಲ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಹತ್ತು ದಿನ ಯಾವುದಕ್ಕೆ ಹೆದರಿ ಸತ್ತಿದ್ದೆನೋ ಅದೇನೂ ಆಗಿರಲಿಲ್ಲ. ಎಲ್ಲವೂ ಇತ್ತು, ಉಸಿರೊಂದು ಇರಲಿಲ್ಲ. ಅವ್ವ ಬಂದು ನನ್ನ ಕೈಯಿಂದ ಬಿಡಿಸಿಕೊಳ್ಳುವವರೆಗೂ ನಾನು ಎಣಿಸುತ್ತಲೇ ಇದ್ದೆನಂತೆ.

ಮುಂದೆ ನಮಗೆ ಮಕ್ಕಳಾಗಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಯ ತಮ್ಮನ ಮೊಮ್ಮಗಳು ಬಸುರಿಯಾಗಿ ನಮ್ಮ ಮನೆಗೆ ಬಂದಿದ್ದಳು. ಊಟವಾದ ಮೇಲೆ ಬ್ಯಾಗಿನಿಂದ ಒಂದು ಸಣ್ಣ ಮಾತ್ರೆ ತೆಗೆದಳು. ಏನದು ಅಂದೆ. ಆಸ್ಪಿರಿನ್ ತಾತ, ಅಂದಳು. ನಾನು ಕಿತ್ತುಕೊಳ್ಳಲು ಹೋದೆ. ಅವಳು ನಕ್ಕು ಬಿಡಿಸಿ ಹೇಳಿದಳು. ಅವಳಿಗೆ ಬಿ.ಪಿ. ಏರುವ ಸಂಭವವಿದೆಯಂತೆ, ಆ ನಂಜು ಬಾರದಿರಲಿ ಅಂತ ಡಾಕ್ಟರೇ ಮೂರನೇ ತಿಂಗಳು ಮುಗಿಯುತ್ತಲೇ ದಿನಕ್ಕೊಂದು ಸಣ್ಣ ಪ್ರಮಾಣದ ಮಾತ್ರೆ ಬರೆದಿದ್ದಾರಂತೆ, ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರಂತೆ, ತಾನಾಗಿ ಒಂದು ಹೆಚ್ಚಿಗೂ ನುಂಗುವ ಹಾಗಿಲ್ಲವಂತೆ. ಅದೇ ಮಾತ್ರೆ. ನಾನು ಒಳಗೆ ಹೋಗಿ ಟ್ರಂಕಿನ ಪಕ್ಕ ಕೂತೆ. ನನ್ನ ಹೆಂಡತಿ ಇದನ್ನು ಕೇಳಲು ಆಗ ಬದುಕಿರಲಿಲ್ಲ, ಅದೂ ಒಳ್ಳೆಯದೇ ಆಯಿತು.

ಅಂದು ಆ ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಹೆಂಡತಿಗೆ ಮೂರನೆಯ ದಿನ ಪೂರ್ತಿ ಎಚ್ಚರವಾಯಿತು. ಕಣ್ಣು ಇನ್ನೂ ಮಬ್ಬಾಗಿತ್ತು, ನನ್ನನ್ನು ದನಿಯಿಂದ ಗುರುತು ಹಿಡಿದಳು. ಮಗು ಎಲ್ಲಿ ಅಂತ ಕೇಳಲಿಲ್ಲ. ಹಾಲು ಬಂದು ರವಿಕೆ ನೆಂದಿತ್ತು, ಅವಳಿಗೆ ಅದಾಗಲೇ ಗೊತ್ತಾಗಿತ್ತು. ಕೈ ಚಾಚಿ ನನ್ನ ಕೈ ಹುಡುಕಿದಳು. ಊತ ಇಳಿದು ಬಳೆ ಸಡಿಲವಾಗಿ ಮೊಣಕೈಯವರೆಗೆ ಜಾರಿತು.

"ಬಾವ, ಡಿಸ್ಪೆನ್ಸರೀಲಿ ಮಾತ್ರೆ ಮುಗಿದಿರ್ಲಿಲ್ಲ ಅಲ್ವಾ?"

ನಾನು ಜಾರಿದ ಬಳೆಯನ್ನು ಮೆಲ್ಲಗೆ ಅವಳ ಮಣಿಕಟ್ಟಿಗೆ ಎಳೆದೆ.

"ಪಕ್ಕದ್ ಮನೆಯೋರು ಅತ್ತೆ ತಾವ ಆ ಪೇಪರ್ ಸುದ್ದಿ ಏಳ್ತಿದ್ರು. ಒಳ್ಗಿಂದ ಕೇಳಿಸ್ಕೊಂಡೆ. ನಿಂಗೆ ಇನ್ನೂ ಭಯ ಆಯ್ತದೆ ಅಂತ ನಾನೂ ಏಳ್ಲಿಲ್ಲ, ಭರಣೀಲಿ ಮಿಕ್ಕಿದ್ದೂ ಮುಟ್ಲಿಲ್ಲ." ನನ್ನ ಬೆರಳುಗಳನ್ನು ಹಿಡಿದುಕೊಂಡು ಕೇಳಿದಳು. "ಬೆರಳು ಎಲ್ಲಾ ಇದ್ವಾ?"

"ಎಲ್ಲಾ ಇದ್ವು" ಅಂದೆ.

"ಉಗುರು?"

"ಅದೂ ಇತ್ತು."

ಅವಳು ತಲೆಯಾಡಿಸಿ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಅವಳ ಹಣೆ ಮುಟ್ಟಿ, ತಲೆನೋವು ಇದೆಯಾ ಅಂತ ಕೇಳಿದೆ. ಇಲ್ಲ ಅಂದಳು.